ಸೀನಿದವರಿಗೆ ‘ಚಿರಂಜೀವಿ’ ಅನ್ನಿ, ಮೂರನೇ ಸೀನಿಗೆ ಮೂಗು ನೋಡಿ

ಮಳೆಗಾಲ ಮುಗಿದು ಚಳಿ ಶುರುವಾದರೆ ಸಾಕು, ಸೀನಿನ ಬಗ್ಗೆ ಪತ್ರಗಳು ಬರುತ್ತವೆ. ಕಿವಿ-ಮೂಗು-ಗಂಟಲಿನ ಡಾಕ್ಟರ್ ಆದ ನಾನು ಅವೇ ಪ್ರಶ್ನೆಗಳಿಗೆ ಕ್ಲಿನಿಕ್ಕಿನಲ್ಲೂ ದಿನಾ ಉತ್ತರ ಕೊಡುತ್ತೇನೆ. ನೆಗಡಿ ಎಂದರೇನು, ಕರವಸ್ತ್ರ ಹಿಡಿಯಬೇಕಾ ಎಂಬಂಥ ಪ್ರಶ್ನೆಗಳನ್ನು ಬಿಟ್ಟಿದ್ದೇನೆ. ಅವು ನಿಮಗೆ ಗೊತ್ತಿರುವಂಥವೇ.

ಪ್ರಶ್ನೆ: ಸೀನುವಾಗ ಒಂದು ಕ್ಷಣ ಹೃದಯ ನಿಲ್ಲುತ್ತದಂತೆ. ಅದಕ್ಕೇ ಹಿರಿಯರು ‘ಚಿರಂಜೀವಿ’, ‘ನೂರು ವರ್ಷ ಬಾಳು’ ಅಂತ ಹರಸುತ್ತಾರೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓದಿದೆ. ನನ್ನ ಆರು ವರ್ಷದ ಮಗ ಬೆಳಿಗ್ಗೆ ಎದ್ದ ಕೂಡಲೇ ಎಂಟು-ಹತ್ತು ಸಲ ಸೀನುತ್ತಾನೆ. ಅತ್ತೆ ಪ್ರತಿ ಸೀನಿಗೂ ಅವನ ತಲೆ ಸವರಿ ಹರಸುತ್ತಾರೆ. ನನಗೆ ಎದೆ ಝಲ್ ಅನ್ನುತ್ತದೆ. ನಾನೂ ಹೇಳಬೇಕಾ?

ಹೃದಯ ನಿಲ್ಲುವುದಿಲ್ಲಮ್ಮ. ಸೀನುವ ಮುಂಚೆ ಉಸಿರನ್ನು ಜೋರಾಗಿ ಒಳಗೆ ಎಳೆದುಕೊಳ್ಳುತ್ತೇವೆ. ಎದೆಯೊಳಗೆ ಒತ್ತಡ ಏರುತ್ತದೆ. ಹೃದಯಕ್ಕೆ ವಾಪಸು ಬರುವ ರಕ್ತ ಒಂದು ಗಳಿಗೆ ಕಡಿಮೆಯಾಗುತ್ತದೆ, ಸೀನಿದ ಮೇಲೆ ಸರಿಹೋಗುತ್ತದೆ. ಇದರಿಂದ ಬಡಿತದ ಲಯ ಸ್ವಲ್ಪ ಹಿಂದೆ ಮುಂದೆ ಆಗಬಹುದು. ಎದೆ ‘ಧಡ್’ ಅಂದಂತೆ ಅನಿಸುವುದು ಅದಕ್ಕೇ. ಹೃದಯ ತನ್ನ ಕೆಲಸ ಬಿಡುವುದಿಲ್ಲ. ಆ ಸಂದೇಶವನ್ನು ಇನ್ನೊಬ್ಬರಿಗೆ ಕಳಿಸಬೇಡಿ.

ಇದರ ಜೊತೆಗೇ ಓಡಾಡುವ ಇನ್ನೊಂದು ಕಥೆಯಿದೆ. 590ರಲ್ಲಿ ರೋಮ್‌ನಲ್ಲಿ ಪ್ಲೇಗ್ ಬಂದಾಗ ಪೋಪ್ ಗ್ರೆಗರಿ ಈ ಹರಕೆಯ ಮಾತನ್ನು ಶುರುಮಾಡಿಸಿದರು ಅಂತ. ಇದು ಹೊಂದುವುದಿಲ್ಲ. ಅದಕ್ಕೆ ಸುಮಾರು 500 ವರ್ಷ ಮೊದಲೇ ರೋಮ್‌ನ ಲೇಖಕ ಪ್ಲಿನಿ ‘ಸೀನಿದವರಿಗೆ ನಾವು ಯಾಕೆ ಶುಭ ಕೋರುತ್ತೇವೆ’ ಎಂದು ಕೇಳಿದ್ದಾನೆ. ಚಕ್ರವರ್ತಿ ಟೈಬೀರಿಯಸ್ ಗಾಡಿಯಲ್ಲಿ ಕೂತಿದ್ದಾಗಲೂ ಸೀನಿದರೆ ಜನ ಶುಭ ಕೋರಲೇಬೇಕು ಅನ್ನುತ್ತಿದ್ದನಂತೆ. ಅಲ್ಲದೆ ಗಡ್ಡೆ ಪ್ಲೇಗಿನ ಗುರುತು ಜ್ವರ ಮತ್ತು ತೊಡೆಸಂದು, ಕಂಕುಳಲ್ಲಿ ಏಳುವ ಗಡ್ಡೆ. ಸೀನು ಅಲ್ಲ.

ನಿಮ್ಮ ಪ್ರಶ್ನೆಗೆ ನನಗೆ ಇಷ್ಟವಾದ ಉತ್ತರ ಬೌದ್ಧ ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯ ಪಿಟಕದಲ್ಲಿದೆ. ಬುದ್ಧ ಉಪದೇಶ ಮಾಡುತ್ತಾ ಸೀನಿದ. ಭಿಕ್ಷುಗಳೆಲ್ಲ ‘ಬಾಳಬೇಕು ಭಗವಾನ್’ ಅಂತ ಕೂಗಿದರು. ಆ ಗದ್ದಲಕ್ಕೆ ಉಪದೇಶವೇ ನಿಂತಿತು. ‘ಸೀನಿದವನಿಗೆ ಬಾಳು ಅಂದರೆ, ಆ ಮಾತಿನಿಂದ ಅವನು ಬದುಕುವುದೋ ಸಾಯುವುದೋ ಉಂಟಾ?’ ಎಂದು ಬುದ್ಧ ಕೇಳಿದ. ಇಲ್ಲ ಅಂದರು. ಹಾಗಾದರೆ ಹೇಳಬೇಡಿ ಅಂದ. ಕಥೆ ಅಲ್ಲಿಗೇ ಮುಗಿಯಲಿಲ್ಲ. ಮುಂದೆ ಭಿಕ್ಷುಗಳು ಸೀನಿದಾಗ ಊರ ಜನ ಹರಸಿದರು, ಭಿಕ್ಷುಗಳು ಸುಮ್ಮನಿದ್ದರು. ಜನಕ್ಕೆ ಬೇಜಾರಾಯಿತು. ಆಗ ಬುದ್ಧ, ಸಂಸಾರಸ್ಥರಿಗೆ ಮಂಗಳದ ಮಾತು ಬೇಕು, ಅವರು ಹರಸಿದರೆ ನೀವೂ ‘ಚಿರಂ ಜೀವ’ ಅನ್ನಿ ಎಂದು ಒಪ್ಪಿಗೆ ಕೊಟ್ಟ. ಅಂದರೆ ಆ ಮಾತು ಯಾರ ಪ್ರಾಣವನ್ನೂ ಉಳಿಸುವುದಿಲ್ಲ. ಆದರೂ ಅದನ್ನು ತಡೆದು ಮನೆಯವರ ಮನಸ್ಸು ನೋಯಿಸುವುದು ಬೇಡ. ನನ್ನ ಸಲಹೆಯೂ ಇಷ್ಟೇ. ಅತ್ತೆ ಹರಸಲಿ. ನೀವೂ ಹೇಳಿ, ಆದರೆ ಹೆದರಿಕೊಂಡು ಹೇಳಬೇಡಿ.

ನನಗೆ ಚಿಂತೆ ಇರುವುದು ಆ ಎಂಟು-ಹತ್ತು ಸೀನಿನ ಬಗ್ಗೆ. ಮುಸ್ಲಿಮರಲ್ಲಿ ಸೀನಿದವರು ‘ಅಲ್‌ಹಮ್ದುಲಿಲ್ಲಾಹ್’ ಅನ್ನುತ್ತಾರೆ. ಕೇಳಿದವರು ‘ಯರ್‌ಹಮುಕಲ್ಲಾಹ್’, ಅಂದರೆ ಅಲ್ಲಾಹ್ ನಿನಗೆ ಕರುಣೆ ತೋರಲಿ, ಅಂತ ಹರಸುತ್ತಾರೆ. ಆದರೆ ಒಬ್ಬ ಮತ್ತೆ ಮತ್ತೆ ಸೀನಿದಾಗ ‘ಇವನಿಗೆ ನೆಗಡಿಯಾಗಿದೆ’ ಎಂದು ಪ್ರವಾದಿ ಮುಹಮ್ಮದ್ ಹೇಳಿದ್ದು ಹದೀಸಿನಲ್ಲಿ, ಅಂದರೆ ಅವರ ಮಾತು-ನಡೆಗಳ ಸಂಗ್ರಹದಲ್ಲಿ, ಇದೆ. ಎಷ್ಟು ಸರಿಯಾದ ಮಾತು! ಒಂದೆರಡು ಸೀನಿಗೆ ಹರಕೆ ಸಾಕು. ದಿನಾ ಬೆಳಿಗ್ಗೆ ಸಾಲುಸಾಲಾಗಿ ಬಂದರೆ ಅದು ಹೆಚ್ಚಾಗಿ ಅಲರ್ಜಿ. ಮಗ ಮೂಗಿನ ತುದಿಯನ್ನು ಅಂಗೈಯಿಂದ ಮೇಲಕ್ಕೆ ಉಜ್ಜುತ್ತಾನಾ? ಮೂಗಿನ ಮೇಲೆ ಅಡ್ಡಗೆರೆ ಮೂಡಿದೆಯಾ? ಮೂಗು ನೀರಿನಂತೆ ಸುರಿದು ಕಣ್ಣು ಕೆರೆಯುತ್ತದಾ? ಹಾಗಿದ್ದರೆ ಮೊದಲು ಹಾಸಿಗೆ ನೋಡಿ. ಹಳೆಯ ಹತ್ತಿ ದಿಂಬು, ಹಾಸಿಗೆಗಳಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳು ತುಂಬಿರುತ್ತವೆ. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಮಲಗುವ ಕೋಣೆಯಲ್ಲಿ ಊದುಬತ್ತಿ, ಸೊಳ್ಳೆ ಬತ್ತಿ ಬೇಡವೇ ಬೇಡ.

ಇಷ್ಟಕ್ಕೂ ಕಡಿಮೆಯಾಗದಿದ್ದರೆ ಡಾಕ್ಟರು ಮೂಗಿನ ಸ್ಪ್ರೇ ಬರೆದುಕೊಡುತ್ತಾರೆ. ಅದನ್ನು ಹಾಕುವ ರೀತಿಯೇ ಬಹಳ ಜನಕ್ಕೆ ಬರುವುದಿಲ್ಲ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿರಲಿ. ಎಡ ಹೊಳ್ಳೆಗೆ ಬಲಗೈಯಿಂದ, ಬಲ ಹೊಳ್ಳೆಗೆ ಎಡಗೈಯಿಂದ ಒತ್ತಿ. ಆಗ ಸ್ಪ್ರೇಯ ತುದಿ ತಾನಾಗಿ ಹೊರಗೆ, ಕಿವಿಯ ಕಡೆಗೆ ತಿರುಗುತ್ತದೆ. ಮೂಗಿನ ನಡುಗೋಡೆಗೆ ನೇರ ಹೊಡೆದರೆ ರಕ್ತ ಬರುತ್ತದೆ. ಒಂದೆರಡು ದಿನದಲ್ಲಿ ‘ಏನೂ ಆಗಲಿಲ್ಲ’ ಅಂತ ಬಿಡಬೇಡಿ, ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು.

‘ಒಂದೇ ಇಂಜೆಕ್ಷನ್, ವರ್ಷವಿಡೀ ಸೀನಿಲ್ಲ’ ಎಂದು ಬೋರ್ಡ್ ಹಾಕಿಕೊಂಡವರ ಹತ್ತಿರ ಮಗುವನ್ನು ಕರೆದೊಯ್ಯಬೇಡಿ. ಇಂಥ ಕಡೆ ಚುಚ್ಚುವುದು ಹೆಚ್ಚಾಗಿ ದೀರ್ಘಕಾಲ ಕೆಲಸ ಮಾಡುವ ಸ್ಟೀರಾಯ್ಡ್. ಸೀನು ನಿಲ್ಲಬಹುದು, ಮಗುವಿನ ಬೆಳವಣಿಗೆಗೂ ಪೆಟ್ಟು ಬೀಳಬಹುದು. ಇದು ನನಗೆ ನಿಜವಾಗಿ ಸಿಟ್ಟು ತರಿಸುವ ದಂಧೆ.

ಪ್ರಶ್ನೆ: ಮನೆಯಿಂದ ಯಾರಾದರೂ ಹೊರಟಾಗ ಸೀನು ಬಂದರೆ ಅಪಶಕುನ ಆಗದಿರಲಿ ಅಂತ ಮೂಗು, ಬಾಯಿ ಎರಡನ್ನೂ ಮುಚ್ಚಿಕೊಳ್ಳುತ್ತೇನೆ. ತೊಂದರೆ ಇಲ್ಲ ಅಲ್ವಾ?

ಇದೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 34 ವರ್ಷದ ಒಬ್ಬರು ಹೀಗೇ ಸೀನು ತಡೆಯಲು ಹೋಗಿ ಗಂಟಲ ಹಿಂಭಾಗ ಹರಿದುಕೊಂಡರು. 2018ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ದನಿ ಹೋಯಿತು, ಕುತ್ತಿಗೆ ಊದಿತು, ಮೂಗಿನ ನಳಿಕೆಯಿಂದ ಆಹಾರ ಕೊಡಬೇಕಾಯಿತು. ಇಂಥದ್ದು ಅಪರೂಪ, ಆದರೆ ಕಿವಿಯ ತಮಟೆಗೂ ಅಪಾಯವಿದೆ. ಮೊಣಕೈ ಮಡಚಿ ಮೂಗಿಗೆ ಅಡ್ಡ ಹಿಡಿದು ಸೀನಿಬಿಡಿ. ಹೊರಟವರಿಗೆ ಅಪಶಕುನ ಅನಿಸಿದರೆ ಒಂದು ಲೋಟ ನೀರು ಕುಡಿದು ಹೋಗಲಿ.

ಪ್ರಶ್ನೆ: ಆಪರೇಷನ್‌ಗೆ ಹೊರಡುವಾಗ ಒಂಟಿ ಸೀನು ಬಂತು. ಮುಂದೂಡಬಹುದಾ?

ಬೇಡ. ಜ್ವರ, ಕೆಮ್ಮು, ಕಫ ಇದ್ದರೆ ಮಾತ್ರ ಅರಿವಳಿಕೆ ಡಾಕ್ಟರಿಗೆ ಹೇಳಿ.

ಪ್ರಶ್ನೆ: ಕಣ್ಣು ಬಿಟ್ಟು ಸೀನಿದರೆ ಕಣ್ಣುಗುಡ್ಡೆ ಹೊರಗೆ ಬರುತ್ತಾ?

ಇಲ್ಲ.

ಪ್ರಶ್ನೆ: ಬಿಸಿಲಿಗೆ ಬಂದ ಕೂಡಲೇ ಸೀನು ಬರುತ್ತದೆ. ಅಪ್ಪನಿಗೂ ಹಾಗೇ.

ಇದು ವಂಶದಲ್ಲಿ ಬರುವಂಥದ್ದು, ರೋಗವಲ್ಲ. ಬೈಕಿನಲ್ಲಿ ಅಂಡರ್‌ಪಾಸ್ ದಾಟಿ ಹೊರಬರುವಾಗ ಹುಷಾರು.

ಪ್ರಶ್ನೆ: ಇಪ್ಪತ್ತು ದಿನದ ಕೂಸು ಆಗಾಗ ಸೀನುತ್ತದೆ. ಬಾಣಂತನಕ್ಕೆ ಬಂದ ದೊಡ್ಡಮ್ಮ ಮೂಗಿಗೆ ಎಣ್ಣೆ ಬಿಡಬೇಕು ಅನ್ನುತ್ತಾರೆ.

ಒಂದು ಹನಿಯೂ ಬೇಡ. ಹಸುಗೂಸು ಮೂಗಿನಲ್ಲೇ ಉಸಿರಾಡುತ್ತದೆ, ಅಲ್ಲಿರುವ ಕಸವನ್ನು ಸೀನಿ ತಾನೇ ಹೊರಹಾಕುತ್ತದೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಕಫ ತೆಗೆಯಲು ಮೂಗಿಗೆ ಬಾಯಿಂದ ಊದುವುದೂ ಬೇಡ. ದೊಡ್ಡಮ್ಮ ‘ಚಿರಂಜೀವಿ’ ಅನ್ನಲಿ, ಎಣ್ಣೆಯನ್ನು ಮೈಗೆ ಹಚ್ಚಲಿ. ಕೂಸು ಹಾಲು ಕುಡಿಯುವಾಗ ಏದುಸಿರು ಬಿಟ್ಟರೆ, ಪಕ್ಕೆ ಒಳಕ್ಕೆ ಎಳೆದುಕೊಂಡರೆ, ಜ್ವರ ಬಂದರೆ ಅದೇ ದಿನ ಮಕ್ಕಳ ಡಾಕ್ಟರಿಗೆ ತೋರಿಸಿ.