ತಾಲ್ಲೂಕು ಆಸ್ಪತ್ರೆಯ ಕೆಲಸ ಬಿಡದೆ ಪ್ಯಾಲಿಯೇಟಿವ್ ಕೇರ್ ಕಲಿಯಲು ಸಾಧ್ಯವೇ?

ಯಾದಗಿರಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಎಂಬಿಬಿಎಸ್ ವೈದ್ಯರಾಗಿರುವ ತಾವು, ಹೈದರಾಬಾದು, ಸೊಲ್ಲಾಪುರ, ಬೆಂಗಳೂರುಗಳಿಂದ ‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎನ್ನಿಸಿಕೊಂಡು ಮರಳುವ ಕ್ಯಾನ್ಸರ್ ರೋಗಿಗಳ ನೋವು, ಸಂಕಟಗಳನ್ನು ತಗ್ಗಿಸಿ ನೋಡಿಕೊಳ್ಳುವ ವಿದ್ಯೆಯನ್ನು, ಅಂದರೆ ಪ್ಯಾಲಿಯೇಟಿವ್ ಕೇರನ್ನು, ಕೆಲಸ ಬಿಡದೆ ಕಲಿಯಬಹುದೇ, ಆನ್‌ಲೈನ್ ಕೋರ್ಸುಗಳಿಂದ ಏನಾದರೂ ಉಪಯೋಗವಿದೆಯೇ ಎಂದು ಕೇಳಿದ್ದೀರಿ. ಕಲಬುರಗಿಯಲ್ಲಿ ಹಲವು ವರ್ಷಗಳಿಂದ ಇದೇ ಕೆಲಸದಲ್ಲಿರುವ ವೈದ್ಯನಾಗಿ ಹೇಳುತ್ತೇನೆ: ಖಂಡಿತ ಕಲಿಯಬಹುದು. ಆದರೆ ಕೋರ್ಸು ಮುಗಿದ ಮೇಲೂ ತಮ್ಮ ರೋಗಿಗಳ ವಿವರವನ್ನು ತಿದ್ದಿ ಹೇಳುವವರ ಮುಂದೆ ಇಡುತ್ತಲೇ ಇರಬೇಕು; ಕೋರ್ಸಿಗಿಂತ ಹೆಚ್ಚಾಗಿ ನಾನು ಕಲಿತದ್ದು ಹಾಗೆಯೇ.

ಮೊದಲು ಕೋರ್ಸುಗಳ ವಿಷಯ. 1994ರಲ್ಲಿ ಸ್ಥಾಪನೆಯಾದ ಇಂಡಿಯನ್ ಅಸೋಸಿಯೇಷನ್ ಆಫ್ ಪ್ಯಾಲಿಯೇಟಿವ್ ಕೇರ್, ವೈದ್ಯರು ಮತ್ತು ನರ್ಸುಗಳು ನೌಕರಿಯಲ್ಲಿದ್ದುಕೊಂಡೇ ಓದಬಹುದಾದ ಪ್ರಾಥಮಿಕ ಸರ್ಟಿಫಿಕೇಟ್ ಕೋರ್ಸನ್ನು ನಡೆಸುತ್ತದೆ. ಡಾ. ಎಂ.ಆರ್. ರಾಜಗೋಪಾಲ್ ಅವರು 2003ರಲ್ಲಿ ತಿರುವನಂತಪುರದಲ್ಲಿ ಕಟ್ಟಿದ ಪಾಲಿಯಂ ಇಂಡಿಯಾದಲ್ಲಿ ಆರು ವಾರಗಳ ತರಬೇತಿ ಇದೆ. ರಜೆ ಸಿಗುವುದಾದರೆ ಅಲ್ಲಿಗೆ ಹೋಗಿ ಬನ್ನಿ, ಏಕೆಂದರೆ ರೋಗಿಯ ಮನೆಯ ಜಗುಲಿಯ ಮೇಲೆ ಕುಳಿತು ಮಾತನಾಡುವ ಹಿರಿಯರ ಪಕ್ಕದಲ್ಲಿ ಸುಮ್ಮನೆ ಕುಳಿತು ಕೇಳುವುದಕ್ಕೆ ಸಮನಾದ ಪಾಠವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಷ್ಟು ದೂರ ಹೋಗಲಾಗದಿದ್ದರೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಲ್ಲಿ ಕೆಲವು ದಿನ ಇದ್ದು ಬರಲು ಅನುಮತಿ ಕೇಳಿ ನೋಡಿ. ಈ ವಿಷಯದಲ್ಲಿ ಎಂ.ಡಿ. ಪದವಿಯೂ ಇದೆ, ತಮ್ಮ ಸದ್ಯದ ಉದ್ದೇಶಕ್ಕೆ ಅದು ಬೇಕಾಗಿಲ್ಲ.

ಪ್ರಮಾಣಪತ್ರಕ್ಕೆ ಕಾನೂನಿನಲ್ಲೂ ಬೆಲೆಯಿದೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ತೊಡಕಿನಿಂದಾಗಿ, ಅಫೀಮಿನಿಂದ ಬರುವ ಪ್ರಬಲ ನೋವು ನಿವಾರಕವಾದ ಮಾರ್ಫಿನ್ ಬಹುತೇಕ ಆಸ್ಪತ್ರೆಗಳಿಂದ ಮಾಯವಾಗಿತ್ತು. 2014ರ ತಿದ್ದುಪಡಿಯ ನಂತರ, ನೋವು ನಿವಾರಣೆಯಲ್ಲಿ ತರಬೇತಿ ಪಡೆದ ವೈದ್ಯರಿರುವ ಆಸ್ಪತ್ರೆಯು ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಯಾಗಿ ಅದನ್ನು ತರಿಸಿ ಇಟ್ಟುಕೊಳ್ಳಬಹುದು. ತಾವೊಬ್ಬರು ತರಬೇತಿ ಪಡೆದರೆ ಇಡೀ ತಾಲ್ಲೂಕಿಗೆ ಮಾರ್ಫಿನ್ ಮಾತ್ರೆ ಬರುವ ದಾರಿ ತೆರೆಯುತ್ತದೆ ಎಂಬುದನ್ನು ಮೇಲಧಿಕಾರಿಗಳಿಗೆ ಅರ್ಜಿ ಬರೆಯುವಾಗ ಮೊದಲ ಸಾಲಿನಲ್ಲಿಯೇ ತಿಳಿಸಿ.

ಈಗ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಕೋರ್ಸು ಮುಗಿಸಿದ ಹೊಸದರಲ್ಲಿ ಜೇವರ್ಗಿ ಕಡೆಯ ರೈತರೊಬ್ಬರಿಗೆ, ಬಾಯಿಯ ಕ್ಯಾನ್ಸರಿನ ನೋವಿಗೆಂದು, ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಬರೆದುಕೊಟ್ಟಿದ್ದೆ. ಎರಡನೆಯ ದಿನವೇ ಅವರು ಗಂಜಿ ಕುಡಿದು ನಿದ್ದೆ ಮಾಡಿದರೆಂದು ಮಗ ಫೋನಿನಲ್ಲಿ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ವಾರದ ನಂತರ ಅವರನ್ನು ಜೀಪಿನಲ್ಲಿ ಮಲಗಿಸಿಕೊಂಡು ತಂದರು. ನೋವು ಮೊದಲಿನಷ್ಟೇ ಇತ್ತು, ಹೊಟ್ಟೆ ಉಬ್ಬಿತ್ತು. ನಾನು ಡೋಸು ಹೆಚ್ಚಿಸುವ ಲೆಕ್ಕದಲ್ಲಿದ್ದೆ. ಅದೇ ದಿನ ಸಂಜೆಯ ಆನ್‌ಲೈನ್ ಚರ್ಚೆಯಲ್ಲಿ ಈ ವಿವರವನ್ನು ಮುಂದಿಟ್ಟಾಗ ಹಿರಿಯ ನರ್ಸ್ ಒಬ್ಬರು ಮೊದಲು ಕೇಳಿದ ಪ್ರಶ್ನೆ, ‘ಅವರಿಗೆ ಮಲವಿಸರ್ಜನೆಯಾಗಿ ಎಷ್ಟು ದಿನವಾಯಿತು?’ ಎಂಬುದು. ಆರು ದಿನವಾಗಿತ್ತು. ಮಾರ್ಫಿನ್ ಜೊತೆಗೆ ಮೊದಲ ದಿನದಿಂದಲೇ ಮಲ ಸಡಿಲಿಸುವ ಮಾತ್ರೆ ಬರೆಯಬೇಕೆಂದು ನಾನು ಓದಿದ್ದೆ, ಪರೀಕ್ಷೆಯಲ್ಲಿ ಉತ್ತರವನ್ನೂ ಬರೆದಿದ್ದೆ. ಚೀಟಿಯಲ್ಲಿ ಮಾತ್ರ ಬರೆದಿರಲಿಲ್ಲ. ಹೊಟ್ಟೆ ಕಟ್ಟಿದ್ದರಿಂದ ಹೆದರಿದ ಮನೆಯವರು ಮಾರ್ಫಿನ್ ಮಾತ್ರೆಯನ್ನೇ ನಿಲ್ಲಿಸಿದ್ದರು. ವಾಕರಿಕೆ ಕೆಲವು ದಿನಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ, ಮಲಬದ್ಧತೆ ಮಾತ್ರ ಮಾರ್ಫಿನ್ ಇರುವವರೆಗೂ ಇರುತ್ತದೆ ಎಂಬ ಪುಸ್ತಕದ ಸಾಲು ನನಗೆ ಅರ್ಥವಾದದ್ದು ಅಂದು.

ಅಂತಹ ಚರ್ಚೆಗಳನ್ನು ಎಕೋ ಎಂಬ ಹೆಸರಿನಲ್ಲಿ ನಡೆಸುತ್ತಾರೆ. ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಅವರು ಹೆಪಟೈಟಿಸ್ ಸಿ ರೋಗಿಗಳಿಗಾಗಿ 2003ರಲ್ಲಿ ಆರಂಭಿಸಿದ ಈ ಪದ್ಧತಿಯಲ್ಲಿ ಚಿಕ್ಕ ಪಾಠವೊಂದರ ಜೊತೆಗೆ, ಭಾಗವಹಿಸಿದವರು ತಂದ ರೋಗಿಯ ವಿವರವನ್ನು ಎಲ್ಲರೂ ಸೇರಿ ಬಿಡಿಸುತ್ತಾರೆ. ಐದು ವರ್ಷಕ್ಕೆ 30 ಗಂಟೆಗಳ ಮುಂದುವರಿಕೆ ಶಿಕ್ಷಣ ಬೇಕೆಂದು 2002ರ ವೈದ್ಯಕೀಯ ನಡತೆಯ ನಿಯಮಗಳೇ ಹೇಳಿವೆ. ಆ ಗಂಟೆಗಳನ್ನು ಹೋಟೆಲಿನ ಸಭಾಂಗಣಗಳಲ್ಲಿ ಕಳೆಯುವುದಕ್ಕಿಂತ ಹೀಗೆ ಬಳಸಿಕೊಳ್ಳುವುದು ಮೇಲೆಂದು ನನ್ನ ದೃಢವಾದ ಅಭಿಪ್ರಾಯ. ಕ್ರೆಡಿಟ್ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಕಾನೂನೂ ಬದಲಾಗುತ್ತಿರುತ್ತದೆ: ಗುಣವಾಗದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡುವ ಜೀವಂತ ಉಯಿಲಿನ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ಹಾಕಿದ ಕ್ರಮವನ್ನು 2023ರಲ್ಲಿ ಸರಳಗೊಳಿಸಿತು, ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಅದರ ಜಾರಿಗೆ ಆದೇಶ ಹೊರಡಿಸಿತು.

ಯಾವ ಕೋರ್ಸಿನಲ್ಲೂ ಸಿಗದ ಒಂದು ಪಾಠವನ್ನು ತಾವೇ ಬರೆದುಕೊಳ್ಳಬೇಕಾಗುತ್ತದೆ. ನಮ್ಮ ಭಾಗದ ರೋಗಿಯನ್ನು ‘ನೋವು ಹತ್ತರಲ್ಲಿ ಎಷ್ಟು?’ ಎಂದು ಕೇಳಿದರೆ ಅವರು ಮಗನ ಮುಖ ನೋಡುತ್ತಾರೆ. ‘ಬ್ಯಾನಿ ಹ್ಯಾಂಗದರಿ, ರಾತ್ರಿ ನಿದ್ದಿ ಬರ್ತದೇನ್ರಿ?’ ಎಂದು ಕೇಳಿದರೆ, ‘ಖಾರ ಹಚ್ಚಿದಂಗ ಉರೀತದ್ರಿ’, ‘ಜಲ್ ಜಲ್ ಅಂತದ್ರಿ’ ಎಂಬ ಉತ್ತರ ಬರುತ್ತದೆ. ಉರಿ ಮತ್ತು ಜಲ್ ಎನ್ನುವುದು ನರದ ನೋವಿನ ಸೂಚನೆ. ಅಲ್ಲಿ ಮಾರ್ಫಿನ್ ಒಂದೇ ಸಾಲದೆ ಅಮಿಟ್ರಿಪ್ಟಿಲಿನ್ ಅಥವಾ ಗ್ಯಾಬಪೆಂಟಿನ್ ಸೇರಿಸಬೇಕಾಗಬಹುದು. ನನ್ನ ಬಳಿ ಇಂತಹ ಮಾತುಗಳ ಒಂದು ನೋಟ್‌ಬುಕ್ ಇದೆ. ದಖನಿ ಉರ್ದು ಮತ್ತು ಲಂಬಾಣಿ ಮಾತುಗಳಿಗೆ ಬೇರೆ ಪುಟಗಳಿವೆ. ತಾಂಡಾದಿಂದ ಬಂದ ಅಜ್ಜಿಯೊಬ್ಬರ ನೋವನ್ನು ಅವರ ಮೊಮ್ಮಗಳೇ ನನಗೆ ಅನುವಾದಿಸಿ ಬರೆಸಿದಳು.

ಕೊನೆಯದಾಗಿ, ಒಬ್ಬರೇ ಕಲಿಯಲು ಹೋಗಬೇಡಿ. ತಮ್ಮ ವಾರ್ಡಿನ ಸ್ಟಾಫ್ ನರ್ಸ್ ಒಬ್ಬರನ್ನೂ ಅದೇ ಕೋರ್ಸಿಗೆ ಸೇರಿಸಿ, ಪಾಠಗಳನ್ನು ಒಟ್ಟಿಗೆ ಓದಿ. ಕೊಳೆತ ಗಾಯದ ವಾಸನೆಗೆ ಮೆಟ್ರೊನಿಡಝೋಲ್ ಮಾತ್ರೆಯನ್ನು ಪುಡಿ ಮಾಡಿ ಹಾಕುವುದನ್ನು ರೋಗಿಯ ಹೆಂಡತಿಗೆ ಕೈ ಹಿಡಿದು ಕಲಿಸುವವರು ಅವರೇ, ಮತ್ತು ತಮಗೆ ವರ್ಗವಾದ ಮೇಲೂ ಆ ಮನೆಯವರು ಫೋನ್ ಮಾಡುವುದು ಅವರಿಗೇ.