ವಿಮೆ ಕಾನೂನು ಬದಲಾದರೆ ನಮಗೇನು?

ಪ್ರಶ್ನೆ: ಸರ್ಕಾರಿ ಆರೋಗ್ಯ ವಿಮೆಯ ಕಾನೂನು ಬದಲಾದಾಗಲೆಲ್ಲ ಮೊತ್ತ ಎಷ್ಟು ಏರಿತು ಅನ್ನೋದೇ ಸುದ್ದಿ. ಮೊತ್ತ ಜಾಸ್ತಿ ಆದರೆ ನಮಗೆ ಲಾಭವೇ ಅಲ್ವಾ?

ಉತ್ತರ: ಲಾಭವೇ, ನಿಮ್ಮ ಹೆಸರು ಪಟ್ಟಿಯಲ್ಲಿ ಉಳಿದಿದ್ದರೆ! ಜನರಿಗೆ ಪೆಟ್ಟು ಬೀಳೋದು ಹೆಚ್ಚಾಗಿ ನವೀಕರಣದ ನಿಯಮದಲ್ಲಿ. ಅಮೆರಿಕವನ್ನೇ ನೋಡಿ. ಅಲ್ಲಿ ಕಡಿಮೆ ಆದಾಯದವರಿಗೆ ಮೆಡಿಕೇಡ್ ಅಂತ ಯೋಜನೆ ಇದೆ. ಕೊರೊನಾ ಬಂದಾಗ, ಅಂದರೆ 2020ರಲ್ಲಿ, ಒಂದು ಕಾನೂನು ತಂದರು: ಹೆಸರು ತೆಗೆಯದ ರಾಜ್ಯಗಳಿಗೆ ಕೇಂದ್ರದಿಂದ ಹೆಚ್ಚು ಹಣ. 2023ರ ಮಾರ್ಚ್ ಕೊನೆಗೆ ಆ ರಕ್ಷಣೆ ಮುಗಿಯಿತು. ಮತ್ತೆ ಎಲ್ಲರ ಅರ್ಹತೆ ತಪಾಸಣೆ ಶುರುವಾಗಿ, ವರ್ಷ ಚಿಲ್ಲರೆಯಲ್ಲಿ 2 ಕೋಟಿಗೂ ಹೆಚ್ಚು ಹೆಸರು ಬಿಟ್ಟುಹೋದವು. ಇವರೆಲ್ಲ ಅನರ್ಹರು ಅಂತ ತೀರ್ಮಾನ ಆಗಿತ್ತಾ? ಇಲ್ಲ. ಬಹುಪಾಲು ಜನರದ್ದು ಕಾಗದಪತ್ರದ ತಕರಾರು. ಫಾರಂ ಹಳೆ ವಿಳಾಸಕ್ಕೆ ಹೋಗಿರುತ್ತದೆ, ಇಲ್ಲವೇ ಕೈಗೆ ಬಂದರೂ ಭರ್ತಿ ಆಗಿರಲ್ಲ.

ಇನ್ನೊಂದು ಎಡವಟ್ಟು ಕೇಳಿ. ಅಲ್ಲಿ ಮಕ್ಕಳಿಗೆ ಆದಾಯದ ಮಿತಿ ದೊಡ್ಡವರಿಗಿಂತ ಸಡಿಲ, ಹಾಗಾಗಿ ಅಪ್ಪ ಅಮ್ಮ ಅರ್ಹರಲ್ಲದಿದ್ದರೂ ಮಗು ಅರ್ಹ ಆಗಿರಬಹುದು. ಆದರೆ ಸುಮಾರು 30 ರಾಜ್ಯಗಳ ಕಂಪ್ಯೂಟರ್ ವ್ಯವಸ್ಥೆ ಒಬ್ಬೊಬ್ಬರನ್ನೂ ಬೇರೆಯಾಗಿ ನೋಡದೆ ಇಡೀ ಮನೆಯನ್ನೇ ಒಂದಾಗಿ ನೋಡಿ ಮಕ್ಕಳನ್ನೂ ಕೈಬಿಟ್ಟಿತ್ತು. ಕೇಂದ್ರ ಗದರಿದ ಮೇಲೆ ಸುಮಾರು 5 ಲಕ್ಷ ಜನರಿಗೆ ವಿಮೆ ವಾಪಸ್ ಬಂತು. ಕಾನೂನಿನಲ್ಲಿ ಹಕ್ಕು ಇತ್ತು, ತಂತ್ರಾಂಶದಲ್ಲಿ ಇರಲಿಲ್ಲ.

ಪ್ರಶ್ನೆ: ಆಸ್ಪತ್ರೆಗೆ ಹೋದಾಗ ಸ್ವಲ್ಪ ದುಡ್ಡು ಕಟ್ಟಿಸಿಕೊಂಡರೆ ಸುಮ್ನೆ ಬರೋರು ಕಡಿಮೆ ಆಗ್ತಾರೆ ಅಂತಾರಲ್ಲ, ನಿಜವೇ?

ಉತ್ತರ: ಜರ್ಮನಿ ಮಾಡಿ ನೋಡಿತು. 2004ರಿಂದ ಮೂರು ತಿಂಗಳಿಗೊಮ್ಮೆ ಮೊದಲ ಸಲ ಡಾಕ್ಟರ ಬಳಿ ಹೋದಾಗ 10 ಯೂರೋ ಕಟ್ಟಬೇಕಿತ್ತು. ಡಾಕ್ಟರುಗಳಿಗೂ ಲೆಕ್ಕ, ರಸೀದಿಯ ತಲೆನೋವು. 2012ರ ಕೊನೆಗೆ ಅದನ್ನು ಕೈಬಿಟ್ಟರು. ನನಗಂತೂ ಇಂಥ ಶುಲ್ಕ ಹಿಡಿಸಲ್ಲ. ಸುಮ್ನೆ ಬರೋರ ಜೊತೆ ನಿಜವಾಗಿ ಬರಬೇಕಾದವರೂ ಮನೆಯಲ್ಲೇ ಉಳಿದುಬಿಡ್ತಾರೆ.

ಪ್ರಶ್ನೆ: ತಿದ್ದುಪಡಿ ಬಂತು ಅಂದಾಗ ಮೊದಲು ಏನು ನೋಡಬೇಕು?

ಉತ್ತರ: ಜಾರಿಯ ದಿನಾಂಕ. ಘೋಷಣೆಯ ದಿನ ಬೇರೆ, ಜಾರಿಯ ದಿನ ಬೇರೆ. ಅಮೆರಿಕದ 2010ರ ಕಾನೂನಿನಲ್ಲಿ, ಮೊದಲೇ ಕಾಯಿಲೆ ಇದ್ದ ದೊಡ್ಡವರಿಗೆ ವಿಮೆ ನಿರಾಕರಿಸಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದು 2014ರಲ್ಲಿ. ಆಮೇಲೆ, ಈಗಾಗಲೇ ಚಿಕಿತ್ಸೆ ನಡೀತಾ ಇದ್ದರೆ ಅದು ಹಳೆ ನಿಯಮದಲ್ಲೇ ಮುಗಿಯುತ್ತದಾ ಅಂತ ಬರಹದಲ್ಲಿ ಕೇಳಿ, ಬಾಯಿಮಾತಿನ ಉತ್ತರ ಬಿಲ್ ಹೊತ್ತಿಗೆ ಕೆಲಸಕ್ಕೆ ಬರಲ್ಲ. ವಿಳಾಸ, ಫೋನ್ ನಂಬರ್ ಬದಲಾಗಿದ್ದರೆ ಇವತ್ತೇ ಸರಿ ಮಾಡಿಸಿ.