ರವಿಕೆ ಪ್ಯಾರಿಸ್ಸಿನಿಂದ ಬಂದದ್ದಲ್ಲ, ಟೀಚರೇ

"ಕಳೆದ ಸಂಚಿಕೆಯಲ್ಲಿ ಕಾರ್ಸೆಟ್ ಎಂಬ, ಎದೆ ಸೊಂಟ ಬಿಗಿಯುವ ಒಳಉಡುಪಿನ ಕುರಿತ ಲೇಖನ ಓದಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೆಣ್ಣಿನ ಉಡುಪನ್ನು ಬದಲಿಸಿದ್ದು ಪ್ಯಾರಿಸ್ಸಿನ ದರ್ಜಿಗಳು. ನಮ್ಮಲ್ಲಿ ದೊರೆಸಾನಿಯರನ್ನು ನೋಡಿ ಕಲಿತರು. ನನ್ನ ಅಜ್ಜಿಗೂ ರವಿಕೆ ಹಾಗೆಯೇ ಬಂತಂತೆ. ಒಪ್ಪುತ್ತೀರಾ?"
– ನಿವೃತ್ತ ಅಧ್ಯಾಪಕಿ, ಉಡುಪಿ

ಕಾಲುಭಾಗ ಒಪ್ಪುತ್ತೇನೆ ಟೀಚರೇ, ಅದೂ ನಿಮ್ಮ ದುಂಡನೆಯ ಅಕ್ಷರಕ್ಕೆ ಮನಸೋತು. ಪಾಲ್ ಪ್ವಾರೆ ಎಂಬ ಪ್ಯಾರಿಸ್ಸಿನ ದರ್ಜಿ ಕಾರ್ಸೆಟ್ ಬಿಡಿಸಿದ ಕೀರ್ತಿ ಪಡೆದದ್ದು ನಿಜ. ಆದರೆ ಅದೇ ಮಹಾನುಭಾವ 1910ರ ಹೊತ್ತಿಗೆ ಕಣಕಾಲಿನ ಹತ್ತಿರ ಬಿಗಿಯುವ ಲಂಗ ತಂದ. ತೊಟ್ಟವರು ಗೇಣಿಗೊಂದು ಹೆಜ್ಜೆ ಇಡಬೇಕಿತ್ತು. ಎದೆಯನ್ನು ಬಿಡಿಸಿದೆ, ಕಾಲನ್ನು ಕಟ್ಟಿದೆ ಎಂದು ಅವನೇ ಕೊಚ್ಚಿಕೊಂಡಿದ್ದಾನೆ. ಆ ಕಟ್ಟು ಬಿಚ್ಚಿದ್ದು 1914ರ ಯುದ್ಧ. ಬ್ರಿಟನ್ನಿನಲ್ಲಿ ಗಂಡಸರು ರಣರಂಗಕ್ಕೆ ಹೋದರು, ಹೆಂಗಸರು ಮದ್ದುಗುಂಡಿನ ಕಾರ್ಖಾನೆ ಹೊಕ್ಕರು, ಬಸ್ಸುಗಳಲ್ಲಿ ಟಿಕೆಟು ಹರಿದರು. ಮೆಟ್ಟಿಲು ಹತ್ತಿ ಇಳಿಯುವವಳಿಗೆ ನೆಲ ಗುಡಿಸುವ ಲಂಗ ಯಾಕೆ?

ಇನ್ನು ದೊರೆಸಾನಿಯರು. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಪಾದ್ರಿಗಳು ಮೈ ಮುಚ್ಚಬೇಕೆಂದು ಉಪದೇಶ ಮಾಡಿದ್ದುಂಟು, ನೇಯ್ಗೆಯ ಕಾರ್ಖಾನೆ ತೆರೆದದ್ದೂ ಉಂಟು. ಆದರೆ ತಿರುವಾಂಕೂರು ಸಂಸ್ಥಾನದಲ್ಲಿ ಕೆಳಜಾತಿಯೆಂದು ಎದೆ ಮುಚ್ಚಗೊಡದ ನಾಡಾರ್ ಹೆಂಗಸರನ್ನು ನೆನೆಯಿರಿ. ಎದೆ ಮುಚ್ಚುವ ಹಕ್ಕಿಗಾಗಿ ದಶಕಗಟ್ಟಲೆ ಹೋರಾಡಿದರು, 1859ರಲ್ಲಿ ರಾಜಾಜ್ಞೆ ಆಗುವವರೆಗೆ. ಬರೀ ಅನುಕರಣೆಗಾಗಿ ಯಾರೂ ಪೆಟ್ಟು ತಿನ್ನುವುದಿಲ್ಲ.

ನನ್ನ ಅಜ್ಜಿ ನೇತ್ರಾವತಿಯ ದಡದ ಹಂಚಿನ ಕಾರ್ಖಾನೆಯೊಂದರಲ್ಲಿ ಹಸಿ ಹಂಚು ಹೊರುತ್ತಿದ್ದರು. ಮೊದಲ ರವಿಕೆಯ ಬಟ್ಟೆ ಕೊಂಡದ್ದು ವಾರದ ಕೂಲಿಯಲ್ಲಿ. ಮನೆಯಲ್ಲಿ ಅತ್ತೆ, "ಯಾವ ಮೇಳಕ್ಕೆ ಹೊರಟದ್ದು?" ಎಂದು ಕೇಳಿದರಂತೆ. ಆಮೇಲೆ ಅಜ್ಜಿ ರವಿಕೆಯನ್ನು ಹಟ್ಟಿಯ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟರು. ಬೆಳಗ್ಗೆ ಅಲ್ಲಿ ತೊಟ್ಟು ಕೆಲಸಕ್ಕೆ, ಸಂಜೆ ಅಲ್ಲೇ ಕಳಚಿ ಒಳಗೆ. ಅವರು ದೊರೆಸಾನಿಯನ್ನು ಕಂಡದ್ದು ದೂರದಿಂದ, ಒಂದೆರಡು ಸಲ. ಮೇಸ್ತ್ರಿಯ ಕಣ್ಣನ್ನು ಕಂಡದ್ದು ದಿನವೂ.

ಕೂಲಿಯ ಹಿಂದೆ ಶಾಲೆ ಬಂತು. 1921ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಆಸ್ತಿಯುಳ್ಳ ಹೆಂಗಸರಿಗೆ ಮತದ ಹಕ್ಕು ಸಿಕ್ಕಿತು, ಅದೇ ವರ್ಷ ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆಯಿತು. ಇದೇ ಊರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತು ಕೂದಲೆಳೆಯಲ್ಲಿ ಸೋತರು. 1930ರಲ್ಲಿ, ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರೂ ಬೇಕೆಂದು ಗಾಂಧೀಜಿಯನ್ನೇ ಒಪ್ಪಿಸಿದರು. ಆ ಕಾಲದ ಖಾದಿ ಸೀರೆಯ ತೂಕ ಬಲ್ಲಿರಾ? ನಮ್ಮ ಆಷಾಢದ ಮಳೆಯಲ್ಲಿ ಒಗೆದರೆ ಮೂರು ದಿನವಾದರೂ ಒಣಗದು. ಚಂದಕ್ಕೆಂದು ಅದನ್ನು ಉಡುವವರುಂಟೇ?

ನೂರು ವರ್ಷ ಕಳೆಯಿತು. ನನ್ನ ಮೊಮ್ಮಗಳ ಶಾಲೆಯ ಚೂಡಿದಾರಕ್ಕೆ ಕಿಸೆಯೇ ಇಲ್ಲ. ಸರ್ವಿಸ್ ಬಸ್ಸಿನ ಚಿಲ್ಲರೆಯನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ಹೋಗುತ್ತಾಳೆ. ಅವಳ ಅಣ್ಣನ ಪ್ಯಾಂಟಿಗೆ ನಾಲ್ಕು ಕಿಸೆ, ಎರಡರಲ್ಲಿ ಬರೀ ಕಸ. ದರ್ಜಿಯನ್ನು ಕೇಳಿದೆ. "ಹುಡುಗಿಯರಿಗೆ ಕಿಸೆ ಚಂದ ಕಾಣುವುದಿಲ್ಲ ಮಾರಾಯ್ರೇ" ಎಂದ. ಪ್ವಾರೆಯ ವಂಶದವನೇ ಇರಬೇಕು.

ನಿಮ್ಮ ಅಜ್ಜಿಯ ರವಿಕೆಗೆ ದುಡ್ಡು ಕೊಟ್ಟವರು ಯಾರು, ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಮುಂದಿನ ತಿಂಗಳು ಅರ್ಧ ಪುಟ ನಿಮಗೆಂದೇ ಇಟ್ಟಿರುತ್ತೇನೆ.
– ಸಂ.